ಬೆದೆಗೆ ಬಂತಂತ ಹೋತ ಬಿಡಬ್ಯಾಡ್ರಿ: ಮೊದಲು ತೂಕ, ಆಮೇಲೆ ಗಬ್ಬ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಹತ್ತಿಯನ್ನು ತೂಗದೆ ಯಾರೂ ಮಾರುವುದಿಲ್ಲ. ಕಬ್ಬಿನ ಗಾಡಿ ಕಾರ್ಖಾನೆಗೆ ಹೋದರೆ ಮೊದಲು ಕಾಟಾ ಮೇಲೆ ನಿಲ್ಲಬೇಕು. ಗೋವಿನಜೋಳ, ಕಡಲೆ, ಸೋಯಾ ಎಲ್ಲದಕ್ಕೂ ತೂಕ. ಅಂಗನವಾಡಿಯಲ್ಲಿ ಕೂಸನ್ನೂ ತಿಂಗಳಿಗೊಮ್ಮೆ ತೂಗಿ ಬರೆದಿಡುತ್ತಾರೆ.

ಆಡಿಗೆ ಮಾತ್ರ ತೂಕವಿಲ್ಲ. ಹುಟ್ಟಿದ ದಿನದಿಂದ ಸಂತೆಗೆ ಹೋಗುವ ದಿನದವರೆಗೂ ಅದಕ್ಕೆ ಕಣ್ಣಂದಾಜೇ ಗತಿ. ಸಂತೆಯಲ್ಲಿ ಅಂದಾಜು ತಪ್ಪಿದರೆ ನಾಲ್ಕು ನೂರೋ ಐದು ನೂರೋ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಆಗುವುದು ಸಂತೆಗಿಂತ ಮೊದಲೇ, ಹೆಣ್ಣುಮರಿ ಇನ್ನೂ ಬೆಳೆಯುವ ಮೊದಲೇ ಗಬ್ಬ ಆದಾಗ. ಈ ಬರಹ ಅದರ ಬಗ್ಗೆ.

ನಮ್ಮ ಮಾತು ಇಷ್ಟೇ: ಹೆಣ್ಣುಮರಿ ಬೆದೆಗೆ ಬಂದದ್ದು ಅದು ಗಬ್ಬಕ್ಕೆ ತಯಾರಾಗಿದೆ ಎಂಬುದಕ್ಕೆ ಸಾಕ್ಷಿ ಅಲ್ಲ. ತಯಾರಾಗಿದೆಯೋ ಇಲ್ಲವೋ ಹೇಳುವುದು ತೂಕ. ಆ ತೂಕ ನೋಡುವ ವ್ಯವಸ್ಥೆಯನ್ನು ಮನೆ ಮನೆಯಲ್ಲಿ ಅಲ್ಲದಿದ್ದರೂ ಊರೂರಲ್ಲಿ ಮಾಡಿಕೊಳ್ಳಲೇಬೇಕು.

ಬೆದೆ ಬೇರೆ, ತಯಾರಿ ಬೇರೆ

"ಬೆದಿಗಿ ಬಂದೈತಿ ಅಂದ್ಮ್ಯಾಲೆ ದೇವ್ರೇ ಹೇಳ್ದಂಗಾತು, ನಾವ್ಯಾಕ ತಡೀಬೇಕು?" ಈ ಮಾತನ್ನು ನಮ್ಮ ಊರುಗಳಲ್ಲಿ ಹಿರಿಯರೂ ಹೇಳುತ್ತಾರೆ, ಹೊಸದಾಗಿ ಆಡು ಕಟ್ಟಿದವರೂ ಹೇಳುತ್ತಾರೆ. ಕೇಳಲು ಸರಿ ಅನಿಸುತ್ತದೆ. ಆದರೆ ಆಡಿನ ಮೈ ಬೇರೆ ಲೆಕ್ಕ ಹೇಳುತ್ತದೆ.

ಆಡುಮರಿ ಐದಾರು ತಿಂಗಳಿಗೇ ಬೆದೆಗೆ ಬರಬಹುದು. ಬಾಲ ಅಲ್ಲಾಡಿಸುತ್ತದೆ, ಒಂದೇ ಸಮನೆ ಒದರುತ್ತದೆ, ಮೇವು ಬಿಡುತ್ತದೆ, ಬೇರೆ ಆಡಿನ ಮೇಲೆ ಏರುತ್ತದೆ, ಈಯುವ ಜಾಗ ಉಬ್ಬಿ ಲೋಳೆ ಕಾಣುತ್ತದೆ. ಒಂದರಿಂದ ಒಂದೂವರೆ ದಿನ ಹೀಗಿದ್ದು ಕಡಿಮೆಯಾಗುತ್ತದೆ. ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಮತ್ತೆ ಬರುತ್ತದೆ. ಅಂದರೆ ಈ ಸಲ ಬಿಟ್ಟರೆ ಏನೂ ಕಳೆದುಹೋಗುವುದಿಲ್ಲ. ಮೂರು ವಾರಕ್ಕೊಮ್ಮೆ ಅವಕಾಶ ಬಾಗಿಲಿಗೆ ಬಂದೇ ಬರುತ್ತದೆ.

ಆರು ತಿಂಗಳ ಮರಿ ಇನ್ನೂ ತಾನೇ ಬೆಳೆಯುತ್ತಿರುತ್ತದೆ. ಅದರ ಎಲುಬು, ಸೊಂಟ, ಕೆಚ್ಚಲು ಯಾವುದೂ ಪೂರ್ತಿ ಆಗಿರುವುದಿಲ್ಲ. ಆಗಲೇ ಗಬ್ಬ ನಿಂತರೆ ತಿಂದ ಮೇವು ಎರಡು ಕಡೆ ಹಂಚಿಹೋಗುತ್ತದೆ. ಆಡಿನ ಗಬ್ಬ ಸುಮಾರು 150 ದಿನ, ಅಂದರೆ ಐದು ತಿಂಗಳು. ಇದರಲ್ಲಿ ಹೊಟ್ಟೆಯೊಳಗಿನ ಮರಿ ಹೆಚ್ಚು ಬೆಳೆಯುವುದು ಕೊನೆಯ ಒಂದೂವರೆ ತಿಂಗಳಲ್ಲಿ. ಹುಟ್ಟುವಾಗ ಒಂದೊಂದು ಮರಿ 2ರಿಂದ 2.5 ಕೆಜಿ ಇರುತ್ತದೆ. ನಮ್ಮ ಭಾಗದಲ್ಲಿ ಬಹಳ ಮಂದಿ ಸಾಕುವುದು ಕರಿ ಬಣ್ಣದ ಉಸ್ಮಾನಾಬಾದಿ ಆಡು ಇಲ್ಲವೇ ಅದರ ಮಿಶ್ರ ತಳಿ. ಈ ತಳಿ ಅವಳಿ ಹಾಕುವುದಕ್ಕೆ ಹೆಸರಾದದ್ದು. ಹಾಗಾಗಿ ಹನ್ನೆರಡು ಕೆಜಿಯ ಎಳೆಯ ಮೈ ಮೇಲೆ ನಾಲ್ಕೈದು ಕೆಜಿಯ ಭಾರ ಬೀಳಬಹುದು.

ಮುಂದೆ ಏನಾಗುತ್ತದೆ ಎಂಬುದು ಆಡು ಸಾಕಿದ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಸೊಂಟ ಸಣ್ಣದಿದ್ದು ಮರಿ ಸಿಕ್ಕಿಕೊಳ್ಳುತ್ತದೆ. ಈದರೂ ಗಿಣ್ಣದ ಹಾಲು ಸಾಲುವುದಿಲ್ಲ. ಮರಿ ಎದ್ದು ನಿಲ್ಲುವುದಿಲ್ಲ, ನಿಂತರೂ ವಾರ ಕಳೆಯುವುದು ಕಷ್ಟ. ತಾಯಿ ಬದುಕಿದರೂ ಅಲ್ಲಿಗೇ ಗಿಡ್ಡಾಗಿ ನಿಲ್ಲುತ್ತದೆ, ಮತ್ತೆ ಬೆದೆಗೆ ಬರಲು ತಿಂಗಳುಗಟ್ಟಲೆ ಕಾಯಿಸುತ್ತದೆ. ಜನ "ಆಡಿನ ದೆಸಿ ಸರಿ ಇಲ್ಲ" ಅಂತಾರೆ. ದೆಸೆಯ ತಪ್ಪಲ್ಲ, ಅವಸರದ ತಪ್ಪು.

ಹಲ್ಲಿ ಸಾಕುವವರೂ ತೂಗುತ್ತಾರೆ

ಹೊರದೇಶಗಳಲ್ಲಿ ಹಲ್ಲಿ ಸಾಕುವ ಹವ್ಯಾಸದವರಿದ್ದಾರೆ ಎಂದರೆ ನಮ್ಮ ಕಟ್ಟೆಯ ಮೇಲಿನ ಹಿರಿಯರು ನಕ್ಕುಬಿಡುತ್ತಾರೆ. ಆದರೆ ಇದು ನಿಜ. ಮೈಮೇಲೆ ಚಿರತೆಯ ಹಾಗೆ ಚುಕ್ಕೆ ಇರುವ ಒಂದು ಜಾತಿಯ ಹಲ್ಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಹುಳ ಹಾಕಿ ಸಾಕುತ್ತಾರೆ. ಅವರಲ್ಲಿ ತಿಳಿದವರು ಹೆಣ್ಣು ಹಲ್ಲಿಗೆ ಒಂದು ವರ್ಷ ತುಂಬಿ, ತೂಕ 45–50 ಗ್ರಾಂ ಮುಟ್ಟುವವರೆಗೆ ಗಂಡನ್ನು ಹತ್ತಿರ ಬಿಡುವುದಿಲ್ಲ. ಅಡಿಗೆಮನೆಯ ಸಣ್ಣ ತಕ್ಕಡಿಯ ಮೇಲೆ ಇಟ್ಟು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಬಾಲ ದಪ್ಪಗಿದೆಯೋ ಇಲ್ಲವೋ ನೋಡುತ್ತಾರೆ, ಏಕೆಂದರೆ ಆ ಹಲ್ಲಿ ತನ್ನ ಕೊಬ್ಬನ್ನು ಬಾಲದಲ್ಲಿ ಇಟ್ಟುಕೊಳ್ಳುತ್ತದೆ. ಎಳೆಯ ಹೆಣ್ಣಿಗೆ ಮೊಟ್ಟೆ ಕಟ್ಟಿದರೆ ಮೈಯೊಳಗಿನ ಸುಣ್ಣದಂಶ ಬರಿದಾಗುತ್ತದೆ, ಮೊಟ್ಟೆ ಹೊರಬರದೆ ಸತ್ತೂಹೋಗಬಹುದು. ಇದು ಅವರಿಗೆ ಗೊತ್ತು.

ನಮ್ಮ ಗೋಡೆಯ ಹಲ್ಲಿ ಹಿಡಿದು ಸಾಕಿರೆಂದು ನಾವು ಹೇಳುತ್ತಿಲ್ಲ, ಅದು ಅದರ ಪಾಡಿಗೆ ಸೊಳ್ಳೆ ತಿಂದುಕೊಂಡಿರಲಿ. ಹೇಳಬೇಕಾದದ್ದು ಇದು: ಶೋಕಿಗೆ ಸಾಕಿದ ಐವತ್ತು ಗ್ರಾಂ ಜೀವಕ್ಕೆ ಇಷ್ಟು ಲೆಕ್ಕ ಹಾಕುವವರಿದ್ದಾರೆ. ಮಗಳ ಶಾಲೆಯ ಫೀಸು, ಸಂಘದ ಕಂತು, ದವಾಖಾನೆಯ ಖರ್ಚು ಎಲ್ಲ ತೂಗಿಸುವ ಆಡಿಗೆ ನಮ್ಮಲ್ಲಿ ಒಂದು ತಕ್ಕಡಿ ಇಲ್ಲ.

ಎಷ್ಟು ತೂಕ ಆಗಬೇಕು?

ಪಶುವೈದ್ಯರು ಹೇಳುವ ಸಾಮಾನ್ಯ ನಿಯಮ ಸುಲಭವಾಗಿದೆ. ಬೆಳೆದ ಆಡಿನ ತೂಕದ ಮೂರರಲ್ಲಿ ಎರಡು ಭಾಗ ಆದ ಮೇಲೆಯೇ ಹೆಣ್ಣುಮರಿಗೆ ಹೋತ. ಉಸ್ಮಾನಾಬಾದಿ ತಳಿಯ ಬೆಳೆದ ಹೆಣ್ಣಾಡು ಸುಮಾರು 32 ಕೆಜಿ ತೂಗುತ್ತದೆ. ಆ ಲೆಕ್ಕಕ್ಕೆ ಮರಿ 21 ಕೆಜಿ ಮುಟ್ಟಬೇಕು. ವಯಸ್ಸು ಹತ್ತು ತಿಂಗಳು ದಾಟಿರಬೇಕು. ಎರಡೂ ಬೇಕು. ಹತ್ತು ತಿಂಗಳಾಗಿ ಹದಿನೈದು ಕೆಜಿ ಇದ್ದರೆ ಕಾಯಬೇಕು.

ನಿಮ್ಮ ಮನೆಯ ಆಡು ಯಾವ ತಳಿ ಎಂದು ಗೊತ್ತಿಲ್ಲದಿದ್ದರೂ ಚಿಂತೆ ಇಲ್ಲ. ಮೂರು ನಾಲ್ಕು ಸಲ ಈದ, ಚೆನ್ನಾಗಿ ಮೇಯ್ದ ಅದರ ತಾಯಿಯನ್ನು ತೂಗಿರಿ. ತಾಯಿ 30 ಕೆಜಿ ಇದ್ದರೆ ಮಗಳು 20 ಆಗಬೇಕು. ತಾಯಿಯೇ ಚಿಕ್ಕಂದಿನಲ್ಲಿ ಗಬ್ಬವಾಗಿ ಗಿಡ್ಡಾಗಿದ್ದರೆ ಮಾತ್ರ ಅದನ್ನು ಅಳತೆಗೆ ಹಿಡಿಯಬೇಡಿ, ಓಣಿಯ ಒಳ್ಳೆಯ ಆಡನ್ನು ಹಿಡಿಯಿರಿ.

ತೂಗುವುದು ಹೇಗೆ? ಮೂರು ದಾರಿ ಇವೆ.

ಒಂದು, ಕೊಕ್ಕೆಯ ತಕ್ಕಡಿ. ಹತ್ತಿ ತೂಗುವ ಕೊಕ್ಕೆಗೆ ಗೋಣಿಚೀಲದ ಜೋಳಿಗೆ ಕಟ್ಟಿ, ನಾಲ್ಕು ಕಾಲು ಹೊರಗೆ ಬರುವಂತೆ ಮರಿಯನ್ನು ಕೂರಿಸಿ ಎತ್ತಿದರೆ ಮುಗಿಯಿತು.

ಎರಡು, ಮನುಷ್ಯರು ನಿಂತು ತೂಗುವ ಯಂತ್ರ. ಮರಿಯನ್ನು ಎತ್ತಿಕೊಂಡು ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಎರಡನ್ನೂ ಕಳೆಯಿರಿ.

ಮೂರು, ದರ್ಜಿಯ ಟೇಪು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಳ್ಳಿ. ಭುಜದ ಮುಂಭಾಗದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬರುವುದು ಅಂದಾಜು ಕೆಜಿ. ಸುತ್ತಳತೆ 25 ಇಂಚು, ಉದ್ದ 22 ಇಂಚು ಇದ್ದರೆ 25×25×22 ಅಂದರೆ 13,750. ಭಾಗಿಸಿದರೆ ಸುಮಾರು 21 ಕೆಜಿ. ಈ ಮರಿ ತಯಾರಿದೆ. ಸುತ್ತಳತೆ 21, ಉದ್ದ 18 ಇದ್ದರೆ 12 ಕೆಜಿ. ಈ ಮರಿ ಇನ್ನೂ ಕೂಸು. ಕೈಯಲ್ಲಿರುವ ಫೋನಿನಲ್ಲೇ ಲೆಕ್ಕ ಆಗುತ್ತದೆ, ಶಾಲೆಗೆ ಹೋಗುವ ಹುಡುಗರಿಗೆ ಹೇಳಿದರೆ ಖುಷಿಯಿಂದ ಮಾಡಿಕೊಡುತ್ತಾರೆ.

ಹಲ್ಲು ನೋಡುವ ನಮ್ಮ ಹಿರಿಯರ ಪದ್ಧತಿಯೂ ಸುಳ್ಳಲ್ಲ. ಹಾಲುಹಲ್ಲು ಬಿದ್ದು ಮೊದಲ ಎರಡು ದೊಡ್ಡ ಹಲ್ಲು ಬರುವ ಹೊತ್ತಿಗೆ ಆಡಿಗೆ ವರ್ಷ ದಾಟಿರುತ್ತದೆ. ಹುಟ್ಟಿದ ತಿಂಗಳು ನೆನಪಿಲ್ಲದಾಗ, ಸಂತೆಯಲ್ಲಿ ಕೊಂಡು ತಂದಾಗ ಇದು ಒಳ್ಳೆಯ ಗುರುತು. ಆದರೆ ಹಲ್ಲು ವಯಸ್ಸು ಹೇಳುತ್ತದೆ, ಮೈ ಹೇಳುವುದಿಲ್ಲ.

ಮೈ ನೋಡಲು ಕೈ ಸಾಕು. ನಿಮ್ಮ ಮುಷ್ಟಿ ಬಿಗಿಹಿಡಿದು ಬೆರಳಿನ ಗೆಣ್ಣುಗಳ ಮೇಲೆ ಇನ್ನೊಂದು ಕೈ ಆಡಿಸಿ. ಆಡಿನ ಬೆನ್ನೆಲುಬು ಪಕ್ಕೆಲುಬು ಹೀಗೆ ಚೂಪಾಗಿ ಸಿಕ್ಕರೆ ಅದು ಬಡಕಲು. ಈಗ ಅಂಗೈ ಚಾಚಿ ಹಿಂಗೈ ಮೇಲೆ ಆಡಿಸಿ. ಎಲುಬು ಇದೆ ಎಂದು ಗೊತ್ತಾಗಬೇಕು, ಚುಚ್ಚಬಾರದು. ಹೀಗಿದ್ದರೆ ಸರಿ. ಹೆಬ್ಬೆರಳಿನ ಬುಡದ ಮಾಂಸದ ಹಾಗೆ ಎಲುಬೇ ಸಿಗದಿದ್ದರೆ ಕೊಬ್ಬು ಹೆಚ್ಚಾಯಿತು, ಅದಕ್ಕೂ ಗಬ್ಬ ನಿಲ್ಲುವುದು ಕಷ್ಟ.

ಕಾರಹುಣ್ಣಿಮೆಯ ಹಸಿರು ಒಂದು ಬಲೆ

ನಮ್ಮ ಭಾಗದ ಲೆಕ್ಕದಲ್ಲಿ ಒಂದು ತೊಡಕಿದೆ. ಜೂನ್‌ನಲ್ಲಿ ಮಳೆ ಬಿದ್ದು ಬದುವಿನಲ್ಲಿ ಹಸಿರು ಎದ್ದ ಕೂಡಲೇ ಆಡುಗಳ ಮೈಗೆ ಕಳೆ ಬರುತ್ತದೆ, ಸಾಲಾಗಿ ಬೆದೆಗೆ ಬರುತ್ತವೆ. ಬೆಳೆದ ಆಡಿಗೆ ಇದು ಒಳ್ಳೆಯ ಹೊತ್ತು. ಜೂನ್–ಜುಲೈಯಲ್ಲಿ ಗಬ್ಬ ನಿಂತರೆ ನವೆಂಬರ್–ಡಿಸೆಂಬರ್‌ಗೆ ಈಯುತ್ತದೆ. ಆಗ ಗೋವಿನಜೋಳ ಕೊಯ್ದ ಹೊಲ ಖಾಲಿ ಇರುತ್ತದೆ, ಮೇಯಲು ಸಿಗುತ್ತದೆ, ಹಾಲು ಇಳಿಯುತ್ತದೆ.

ಆದರೆ ಹಿಂದಿನ ಡಿಸೆಂಬರ್‌ನಲ್ಲಿ ಹುಟ್ಟಿದ ಹೆಣ್ಣುಮರಿಗೆ ಜೂನ್‌ನಲ್ಲಿ ಬರೀ ಆರು ತಿಂಗಳು. ಅದೇ ಹಸಿರು ತಿಂದು ಅದೂ ಬೆದೆಗೆ ಬರುತ್ತದೆ. ಅದೇ ಹೋತ ಅದನ್ನೂ ಹತ್ತುತ್ತದೆ. ಎಳೆಯ ಮರಿ ಗಬ್ಬವಾಗುವುದು ಹೆಚ್ಚಾಗಿ ಹೀಗೆ, ಯಾರೂ ಬೇಕೆಂದು ಮಾಡಿದ್ದಲ್ಲ.

ಆ ಮರಿಯನ್ನು ಜೂನ್‌ನಲ್ಲಿ ತಡೆದು ಮಳೆಗಾಲದ ಹಸಿರನ್ನೆಲ್ಲ ಅದರ ಮೈಗೇ ಹಾಕಿಸಿದರೆ ಅಕ್ಟೋಬರ್ ಹೊತ್ತಿಗೆ ಹತ್ತು ತಿಂಗಳಾಗಿ 20 ಕೆಜಿ ಆಸುಪಾಸು ಬರಬಹುದು. ಆಗ ಹೋತ ಬಿಟ್ಟರೆ ಮಾರ್ಚ್‌ಗೆ ಈಯುತ್ತದೆ. ಮಾರ್ಚ್ ಎಂದರೆ ಬೇಸಿಗೆ, ರಾಮದುರ್ಗದ ಒಣ ಊರುಗಳಲ್ಲಿ ಹಸಿರು ಸಿಗುವುದು ಕಷ್ಟ. ಹಾಗಾಗಿ ಕಡಲೆ ಹೊಟ್ಟು, ಶೇಂಗಾ ಹೊಟ್ಟು, ತೊಗರಿ ಹೊಟ್ಟನ್ನು ಸುಗ್ಗಿಯಲ್ಲೇ ಕೂಡಿಡಬೇಕು. ಕೂಡಿಡಲು ಆಗದವರು ಮುಂದಿನ ಮುಂಗಾರಿನವರೆಗೆ ಕಾದರೂ ತಪ್ಪಿಲ್ಲ. ಮಲಪ್ರಭಾ ಕಾಲುವೆಯ ನೀರು ಬರುವ ಕಡೆ, ಮೇವಿನ ಬೆಳೆ ಇರುವ ಕಡೆ ಮಾರ್ಚ್ ಈಯುವಿಕೆ ನಡೆಯುತ್ತದೆ. ನಿಮ್ಮ ಮೇವು ನೋಡಿ ನೀವೇ ತೀರ್ಮಾನಿಸಿ. ಹೋತ ಬಿಡುವ ದಿನದಿಂದ ಐದು ತಿಂಗಳು ಮುಂದಕ್ಕೆ ಬೆರಳೆಣಿಸಿ, ಆ ತಿಂಗಳು ಮನೆಯಲ್ಲಿ ಮೇವಿರುತ್ತದೆಯೇ ಎಂದು ಕೇಳಿಕೊಳ್ಳಿ.

"ಬಡವರು ಕಾಯೂದು ಹ್ಯಾಂಗ್ರಿ?"

ಇದು ನ್ಯಾಯವಾದ ಪ್ರಶ್ನೆ. ಸಂಘದ ಸಾಲ ತೆಗೆದು ಎರಡು ಆಡು ಕಟ್ಟಿದ ಅಕ್ಕನಿಗೆ ನಾಲ್ಕು ತಿಂಗಳು ತಡ ಎಂದರೆ ನಾಲ್ಕು ತಿಂಗಳ ಕಂತು. ಕಾಯಿರಿ ಎಂದು ಬರೆಯುವವರಿಗೆ ಸುಲಭ, ಕಟ್ಟುವವರಿಗೆ ಕಷ್ಟ.

ಆದರೂ ಲೆಕ್ಕ ಹಾಕಿ ನೋಡೋಣ. ಆರು ತಿಂಗಳಿಗೆ ಗಬ್ಬ ನಿಂತ ಮರಿ ಹನ್ನೊಂದನೇ ತಿಂಗಳಿಗೆ ಈಯುತ್ತದೆ. ಹತ್ತು ತಿಂಗಳಿಗೆ ನಿಂತದ್ದು ಹದಿನೈದನೇ ತಿಂಗಳಿಗೆ. ಉಳಿತಾಯ ನಾಲ್ಕು ತಿಂಗಳು. ಚೆನ್ನಾಗಿ ಬೆಳೆದ ಆಡು ಎರಡು ವರ್ಷಕ್ಕೆ ಮೂರು ಸಲ ಈಯಬಲ್ಲದು, ಬಹಳ ಸಲ ಅವಳಿ ಹಾಕುತ್ತದೆ. ಎಳೆತನದಲ್ಲಿ ಸೊರಗಿದ ಆಡು ಒಂದೇ ಮರಿ ಹಾಕಿ, ಅದಕ್ಕೂ ಹಾಲು ಸಾಲದೆ, ಮುಂದಿನ ಬೆದೆಗೆ ಆರೇಳು ತಿಂಗಳು ತಡ ಮಾಡಿದರೆ ಉಳಿಸಿದ ನಾಲ್ಕು ತಿಂಗಳು ಮೊದಲ ಸೂಲಿನಲ್ಲೇ ಹೋಯಿತು. ತಾಯಿಯೇ ಸತ್ತರಂತೂ ಸಾಲ ಉಳಿಯುತ್ತದೆ, ಆಡು ಉಳಿಯುವುದಿಲ್ಲ.

ತಪ್ಪು ಆಡು ಕಟ್ಟಿದವರದಷ್ಟೇ ಅಲ್ಲ. ಸಾಲ ಕೊಡುವಾಗ ಕಂತು ಮುಂದಿನ ವಾರದಿಂದಲೇ ಶುರುವಾದರೆ ಆಡಿನ ಹೊಟ್ಟೆಗೂ ಅವಸರ ಅಂಟುತ್ತದೆ. ಆಡಿಗೆ ಕೊಟ್ಟ ಸಾಲದ ಕಂತು ಆಡು ಈದು, ಮರಿ ಮಾರಾಟಕ್ಕೆ ಬರುವ ಹೊತ್ತಿಗೆ ಶುರುವಾಗಬೇಕು. ಇದನ್ನು ಸಂಘದ ಸಭೆಯಲ್ಲಿ ಕೇಳಲು ಯಾರೂ ಸಂಕೋಚ ಪಡಬೇಕಿಲ್ಲ. ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯಂಥವುಗಳಲ್ಲಿ 20 ಹೆಣ್ಣು, 1 ಗಂಡು ಎಂದು ಎಣಿಕೆ ಇತ್ತು. ಎಣಿಕೆಯ ಜೊತೆಗೆ ಕೊಳ್ಳುವ ದಿನ ಪ್ರತಿ ಹೆಣ್ಣಿನ ತೂಕವನ್ನೂ ಎದುರಿಗೇ ತೂಗಿ ಬರೆಸಿಕೊಳ್ಳಿ ಎಂಬುದು ನಮ್ಮ ಸಲಹೆ.

ದುಡ್ಡು ತೀರಾ ಬೇಕಾದರೆ ಗಂಡುಮರಿ ಮಾರಿರಿ, ಹೆಣ್ಣುಮರಿಯನ್ನು ಬೆಳೆಯಲು ಬಿಡಿ.

ಹೋತದ ಕಡೆಗೂ ನೋಡ್ರಿ

ಎಲ್ಲ ಮಾತೂ ಹೆಣ್ಣಿನ ಮೇಲೇ ಆಗಬಾರದು. ಗಂಡುಮರಿ ಮೂರು ನಾಲ್ಕು ತಿಂಗಳಿಗೇ ಗಬ್ಬ ನಿಲ್ಲಿಸಬಲ್ಲದು. "ಅದಿನ್ನೂ ಮರಿ, ಏನ್ ಮಾಡ್ತೈತಿ" ಎಂದು ತಂಗಿಯ ಜೊತೆ, ತಾಯಿಯ ಜೊತೆ ಒಂದೇ ಗೂಟಕ್ಕೆ ಕಟ್ಟಿದರೆ ಮನೆಯಲ್ಲೇ ರಕ್ತ ಕೂಡುತ್ತದೆ, ಮುಂದಿನ ಪೀಳಿಗೆ ಸೊರಗುತ್ತದೆ. ಮೂರು ತಿಂಗಳು ತುಂಬಿದ ಕೂಡಲೇ ಗಂಡು ಹೆಣ್ಣು ಬೇರೆ ಕಟ್ಟಬೇಕು. ಬೀಜಕ್ಕೆ ಇಟ್ಟುಕೊಳ್ಳದ ಗಂಡುಮರಿಗೆ ಪಶು ದವಾಖಾನೆಯಲ್ಲಿ ಬೀಜ ಒಡೆಸಬೇಕು.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಕಾಡುತ್ತದೆ. ಊರಿನ ಅತಿ ಒಳ್ಳೆಯ ಹೋತ ಯಾವುದು? ಬೇಗ ಬೆಳೆದು, ಎದೆ ಅಗಲವಾಗಿ, ನೋಡಿದವರ ಕಣ್ಣು ಬೀಳುವಂಥದ್ದು. ಅದು ಬಕ್ರೀದಿಗೋ, ಮದುವೆಗೋ, ಜಾತ್ರೆಯ ಮುಂಚಿನ ಸಂತೆಗೋ ಒಳ್ಳೆಯ ಬೆಲೆಗೆ ಹೋಗಿಬಿಡುತ್ತದೆ. ಊರಲ್ಲಿ ಉಳಿಯುವುದು ಯಾರೂ ಕೊಳ್ಳದ ಸೊರಗಿದ ಹೋತ. ಊರಿನ ಆಡೆಲ್ಲ ಅದಕ್ಕೇ ಗಬ್ಬ. ಜೋಳದಲ್ಲಿ ದಪ್ಪ ತೆನೆಯನ್ನು ಬೀಜಕ್ಕೆ ತೆಗೆದಿಡುವ ನಾವು ಆಡಿನಲ್ಲಿ ಮಾತ್ರ ಜೊಳ್ಳನ್ನು ಬೀಜಕ್ಕೆ ಇಟ್ಟುಕೊಳ್ಳುತ್ತಿದ್ದೇವೆ.

ಒಂದು ಬೆಳೆದ ಹೋತ 20ರಿಂದ 25 ಆಡಿಗೆ ಸಾಕು. ಹತ್ತು ಮನೆ ಕೂಡಿದರೆ ಒಂದು ಒಳ್ಳೆಯ ಹೋತ ಇಟ್ಟುಕೊಳ್ಳಬಹುದು. ಅದರ ಮಕ್ಕಳು ಬೆದೆಗೆ ಬರುವ ಮೊದಲೇ, ಪಕ್ಕದ ಊರಿನ ಹೋತದ ಜೊತೆ ಬದಲಿ ಮಾಡಿಕೊಳ್ಳಬೇಕು. ಖರ್ಚಿಲ್ಲದ ಕೆಲಸ, ಮಾತುಕತೆಯ ಕೆಲಸ.

ಊರ ಹಿಂಡಿನ ತೊಂದರೆ ಊರೇ ಬಿಡಿಸಬೇಕು

ಬಹಳ ಊರುಗಳಲ್ಲಿ ಮನೆ ಮನೆಯ ಆಡನ್ನು ಒಬ್ಬರೇ ಹೊಡೆದುಕೊಂಡು ಹೋಗಿ ಮೇಯಿಸುತ್ತಾರೆ. ಆ ಹಿಂಡಿನಲ್ಲಿ ಎಲ್ಲ ವಯಸ್ಸಿನ ಹೋತ, ಎಲ್ಲ ವಯಸ್ಸಿನ ಹೆಣ್ಣು ಕೂಡಿರುತ್ತವೆ. ನಿಮ್ಮ ಮನೆಯಲ್ಲಿ ಎಷ್ಟೇ ಎಚ್ಚರ ಇದ್ದರೂ ಗುಡ್ಡದಲ್ಲಿ ನಡೆಯುವುದು ನಿಮ್ಮ ಕೈಲಿಲ್ಲ. ಆದ್ದರಿಂದ ಒಬ್ಬೊಬ್ಬರಿಗೇ ಉಪದೇಶ ಮಾಡಿ ಪ್ರಯೋಜನವಿಲ್ಲ.

ಕೀನ್ಯಾದ ಮಾಸಾಯಿ ದನಗಾಹಿಗಳು ಇದಕ್ಕೆ ಒಂದು ಸರಳ ಉಪಾಯ ಮಾಡಿಕೊಂಡಿದ್ದಾರೆ. ಹೋತದ, ಟಗರಿನ ಹೊಟ್ಟೆಯ ಕೆಳಗೆ ಚರ್ಮದ ತುಂಡೊಂದನ್ನು ಮುಂದೆ ಜೋತುಬೀಳುವಂತೆ ಕಟ್ಟುತ್ತಾರೆ. ಹಿಂಡಿನ ಜೊತೆಗೇ ಮೇಯುತ್ತದೆ, ಆದರೆ ಹೆಣ್ಣಿನ ಮೇಲೆ ಏರಿದರೂ ಕೂಡಲು ಆಗುವುದಿಲ್ಲ. ಬೇಕಾದ ತಿಂಗಳಲ್ಲಿ ಬಿಚ್ಚುತ್ತಾರೆ. ನಮ್ಮಲ್ಲಿ ಗೋಣಿಚೀಲದ ತುಂಡು ಸಾಕು. ಉಚ್ಚೆಯಿಂದ ನೆನೆದು ಹುಣ್ಣಾಗದಂತೆ ಆಗಾಗ ಬಿಚ್ಚಿ ತೊಳೆಯಬೇಕು ಅಷ್ಟೆ.

ಹಿಂಡು ಮೇಯಿಸುವವರ ಜೊತೆ ಊರವರು ಕೂತು ಮೂರು ಕರಾರು ಮಾಡಿಕೊಂಡರೆ ಅರ್ಧ ತೊಂದರೆ ಬಗೆಹರಿಯುತ್ತದೆ. ನಾಲ್ಕು ತಿಂಗಳು ದಾಟಿದ, ಬೀಜ ಒಡೆಸದ ಗಂಡು ಹಿಂಡಿಗೆ ಬರಬಾರದು, ಆರಿಸಿದ ಹೋತ ಒಂದನ್ನು ಬಿಟ್ಟು. ಆ ಹೋತಕ್ಕೆ ಹೊಟ್ಟೆಪಟ್ಟಿ ಕಟ್ಟಿರಬೇಕು. ತೂಕ ಮುಟ್ಟಿದ ಹೆಣ್ಣಿನ ಕೊರಳಿಗೆ ಬಣ್ಣದ ದಾರ ಕಟ್ಟಿ ಅದನ್ನು ಮಾತ್ರ ಸಂಜೆ ಹೋತದ ಹತ್ತಿರ ಬಿಡಬೇಕು.

ಹೋತ ಬಿಡುವ ಮೊದಲು, ಬಿಟ್ಟ ಮೇಲೆ

ತೂಕ ಮುಟ್ಟಿತು ಎಂದರೂ ನಾಲ್ಕು ಕೆಲಸ ಬಾಕಿ ಇವೆ.

ಹೊಟ್ಟೆಹುಳದ ಔಷಧಿಯನ್ನು ಹೋತ ಬಿಡುವ ಎರಡು ಮೂರು ವಾರ ಮೊದಲೇ ಹಾಕಿಸಿ. ಆಲ್ಬೆಂಡಜೋಲ್ ಎಂಬ ಔಷಧಿ ಗಬ್ಬದ ಮೊದಲ ತಿಂಗಳಲ್ಲಿ ಹೊಟ್ಟೆಯ ಮರಿಗೆ ಕೆಡುಕು ಮಾಡುತ್ತದೆ. ಗಬ್ಬ ಆಗಿದೆಯೋ ಇಲ್ಲವೋ ಅನುಮಾನ ಇದ್ದರೆ ಡಾಕ್ಟರನ್ನು ಕೇಳದೆ ಹಾಕಬೇಡಿ.

ಪಿಪಿಆರ್ ಮತ್ತು ಕರುಳುಬೇನೆ ಲಸಿಕೆ ಆಗಿದೆಯೇ ನೋಡಿಕೊಳ್ಳಿ.

ಹೋತ ಬಿಡುವ ಎರಡು ವಾರ ಮೊದಲಿನಿಂದ ದಿನಕ್ಕೆ ಎರಡು ಹಿಡಿ ನುಚ್ಚು, ಗೋವಿನಜೋಳ ಇಲ್ಲವೇ ಹಿಂಡಿ ಹೆಚ್ಚಿಗೆ ಕೊಡಿ. ಗಬ್ಬ ನಿಲ್ಲಲು, ಅವಳಿ ಆಗಲು ಇದು ನೆರವಾಗುತ್ತದೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಹೊಟ್ಟೆ ಉಬ್ಬುತ್ತದೆ, ನಿಧಾನಕ್ಕೆ ಏರಿಸಿ.

ದಿನಾಂಕ ಬರೆದಿಡಿ. ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಮಾಡಿದರೂ ಸಾಕು. ಐದು ತಿಂಗಳ ಮುಂದಿನ ತಾರೀಖಿಗೂ ಗುರುತು ಹಾಕಿ. ಆ ವಾರ ಆಡನ್ನು ಗುಡ್ಡಕ್ಕೆ ಬಿಡಬೇಡಿ.

ಈಯುವಾಗ ಜೋರಾಗಿ ಮುಕ್ಕಿ ಅರ್ಧ ಗಂಟೆ ಕಳೆದರೂ ಮರಿ ಕಾಣದಿದ್ದರೆ ಎಳೆಯಬೇಡಿ, ಪಶುವೈದ್ಯರಿಗೆ ಇಲ್ಲವೇ 1962ಕ್ಕೆ ಫೋನ್ ಮಾಡಿ. ಗಬ್ಬ ಕಳಚಿ ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ಎಂಬ ರೋಗದಿಂದ ಹೀಗಾಗಿದ್ದರೆ ಅದು ಮನುಷ್ಯರಿಗೂ ಅಂಟುತ್ತದೆ, ವಾರಗಟ್ಟಲೆ ಜ್ವರ, ಕೀಲುನೋವು ಕಾಡುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಂಡು ಮಾಸು ಸಮೇತ ಆಳಕ್ಕೆ ಸುಣ್ಣ ಹಾಕಿ ಹೂಳಿ. ಬಸುರಿ ಹೆಣ್ಣುಮಕ್ಕಳು ಹತ್ತಿರ ಹೋಗಬಾರದು. ಹಾಲನ್ನು ಕಾಯಿಸದೆ ಯಾರೂ ಕುಡಿಯಬಾರದು.

ಎಳೆಯ ಮರಿಗೆ ಗೊತ್ತಿಲ್ಲದೆ ಹೋತ ಹತ್ತಿಬಿಟ್ಟಿದ್ದರೆ ಮುಚ್ಚಿಡಬೇಡಿ. ಒಂದೆರಡು ವಾರದೊಳಗೆ ಪಶು ದವಾಖಾನೆಗೆ ಹೊಡೆದುಕೊಂಡು ಹೋದರೆ ಗಬ್ಬ ಮುಂದುವರಿಯದಂತೆ ಮಾಡುವ ಸೂಜಿ ಇದೆ. ಅದನ್ನು ಡಾಕ್ಟರೇ ಮಾಡಬೇಕು, ಅಂಗಡಿಯಿಂದ ತಂದು ನೀವೇ ಚುಚ್ಚುವ ಔಷಧಿ ಅಲ್ಲ.

ಎಮ್ಮೆ, ಆಕಳು ಕಟ್ಟಿದವರಿಗೂ ಇದೇ ಮಾತು ಸಲ್ಲುತ್ತದೆ. ಜರ್ಸಿ ಮಿಶ್ರ ಮಣಕ 200 ಕೆಜಿ ದಾಟದೆ, ಎಚ್‌ಎಫ್ ಮಿಶ್ರ ಮಣಕ 250 ಕೆಜಿ ಮುಟ್ಟದೆ ಮೊದಲ ಕೃತಕ ಗರ್ಭಧಾರಣೆಗೆ ಅವಸರ ಬೇಡ. ಸಣ್ಣ ಮೈಯ ಜವಾರಿ ಆಕಳಿಗೆ ದೊಡ್ಡ ತಳಿಯ ವೀರ್ಯ ಹಾಕಿಸಿದರೆ ಕರು ಸಿಕ್ಕಿಕೊಳ್ಳುವ ಅಪಾಯ ಇದೆ. ಯಾವ ತಳಿ ಹಾಕುತ್ತಿದ್ದೀರಿ ಎಂದು ಕೇಳುವುದು ನಿಮ್ಮ ಹಕ್ಕು.

ನಾವು ಕೇಳುವುದು

ಪಂಚಾಯತಿಗಳಿಗೆ ನಮ್ಮ ಬೇಡಿಕೆ ಸಣ್ಣದು. ಪ್ರತಿ ಊರಿಗೆ 50 ಕೆಜಿ ತೂಗುವ ಒಂದು ಕೊಕ್ಕೆ ತಕ್ಕಡಿ ಕೊಡಿ. ಗ್ರಾಮ ಪಂಚಾಯತಿಗೆ ಇದು ದೊಡ್ಡ ಖರ್ಚಲ್ಲ. ಅದು ಪಶು ಸಖಿಯ ಹತ್ತಿರವೋ ಮಹಿಳಾ ಸಂಘದ ಹತ್ತಿರವೋ ಇರಲಿ, ಯಾರು ಕೇಳಿದರೂ ಸಿಗುವಂತಿರಲಿ. ಸಂತೆಗೆ ಹೋಗುವ ಹಿಂದಿನ ದಿನವೂ ಅದರಲ್ಲೇ ತೂಗಿಕೊಂಡು ಹೋದರೆ ದಲ್ಲಾಳಿಯ ಕಣ್ಣಂದಾಜಿಗೆ ಉತ್ತರ ನಮ್ಮ ಕೈಲಿರುತ್ತದೆ.

ಪಶು ಸಂಗೋಪನಾ ಇಲಾಖೆಗೆ ಒಂದು ಕೋರಿಕೆ. ಹುಳದ ಔಷಧಿ ಮತ್ತು ಲಸಿಕೆಯ ಶಿಬಿರವನ್ನು ಮುಂಗಾರು ಹಸಿರು ಏಳುವ ಮೊದಲೇ, ಮೇ ತಿಂಗಳಲ್ಲೇ ಊರಿಗೆ ತನ್ನಿ, ಅದೇ ದಿನ ಹೆಣ್ಣುಮರಿಗಳ ತೂಕವೂ ಆಗಲಿ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಟೇಪಿನ ಲೆಕ್ಕ, ಮೈ ಮುಟ್ಟಿ ನೋಡುವ ಕಲೆಯನ್ನು ಹೆಣ್ಣುಮಕ್ಕಳಿಗೆ ಅವರ ಊರಲ್ಲೇ, ಅವರ ಆಡಿನ ಮೇಲೇ ಕಲಿಸುವ ಕೆಲಸ ಅಲ್ಲಿಂದ ಆಗಲಿ ಎಂಬುದು ನಮ್ಮ ಆಸೆ.

ಹೋತದ ಖರೀದಿ, ಹಿಂಡಿನ ಕರಾರು ಇವು ಗಂಡಸರ ಮಾತಿನಲ್ಲೇ ಮುಗಿಯುತ್ತವೆ. ಮೇವು ತರುವುದು, ಬೆದೆ ಗುರುತಿಸುವುದು, ರಾತ್ರಿ ಎದ್ದು ಈಯಿಸುವುದು ಹೆಣ್ಣುಮಕ್ಕಳ ಪಾಲು. ಆಡಿನ ಮೈ ಯಾರ ಕೈಗೆ ಚೆನ್ನಾಗಿ ಗೊತ್ತೋ ಅವರ ಮಾತಿಗೇ ಊರ ಸಭೆಯಲ್ಲಿ ತೂಕ ಇರಬೇಕು.

ಈ ವಾರ ಒಂದು ಕೆಲಸ ಮಾಡಿ ನೋಡ್ರಿ. ಮನೆಯ ಹೆಣ್ಣುಮರಿಗೆ ದರ್ಜಿಯ ಟೇಪು ಹಿಡಿಯಿರಿ, ಬಂದ ಸಂಖ್ಯೆಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯಿರಿ. 20ಕ್ಕಿಂತ ಕಡಿಮೆ ಇದ್ದರೆ ಹೋತಕ್ಕೆ ಹೇಳ್ರಿ, "ಇನ್ನೊಂದೀಟು ತಡಿಯಪಾ" ಅಂತ.